ಎಷ್ಟು ಕಿಲೋ?

ಇಟಲಿಯಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಹಳೇ ರೋಮನ್ ಊರು ಪೊಂಪೈ ನೋಡಿಕೊಂಡು ಮ್ಯೂನಿಕ್‌ಗೆ ವಾಪಸ್ ಬಂದು ನಾಲ್ಕು ದಿನ ಆಯಿತು. ಕಾಲುನೋವು ಹೋಗಿದೆ. ಆ ಟೊಮೆಟೊ ಅಜ್ಜಿಯ ಮುಖ ಮಾತ್ರ ಕಣ್ಣಿಂದ ಹೋಗುತ್ತಿಲ್ಲ.

ಶುರು ಮಾಡಿದ್ದು ಊರಿಂದ ಬಂದಿರುವ ನಮ್ಮ ಭಾವ. ಪೊಂಪೈ ಬೀದಿಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ತೀರ್ಪು ಕೊಟ್ಟುಬಿಟ್ಟರು. "ಬುದ್ಧಿ ಬೇಡ್ವಾ ಇವರಿಗೆ? ಎದುರಿಗೇ ಜ್ವಾಲಾಮುಖಿ ಇಟ್ಕೊಂಡು ಊರು ಕಟ್ಟಿದಾರೆ!" ಭಾವ ಒಳ್ಳೆಯವರೇ. ಆದರೆ ಸತ್ತವರೆಲ್ಲ ದಡ್ಡರು ಅನ್ನುವುದು ಅವರ ಗಟ್ಟಿ ನಂಬಿಕೆ.

ನಾನು ಕಾಲ ಕೆಳಗೆ ನೋಡುತ್ತಿದ್ದೆ. ಬೀದಿಗೆ ಹಾಸಿದ್ದು ಲಾವಾ ಕಲ್ಲು. ಗಾಡಿ ಚಕ್ರ ಉಜ್ಜಿ ಉಜ್ಜಿ ಅದರಲ್ಲಿ ಗೀರು ಬಿದ್ದಿದೆ. ಊರು ಕೂತಿರುವ ದಿಣ್ಣೆಯೂ ಹಳೇ ಲಾವಾದ್ದೇ. ಪಕ್ಕದಲ್ಲಿ ಸಾರ್ನೊ ನದಿ. ಸಮುದ್ರ ಈಗ ಸುಮಾರು 2 ಕಿಲೋಮೀಟರ್ ದೂರ, ಆಗ ಇನ್ನೂ ಹತ್ತಿರವಿತ್ತು. ಮೀನನ್ನು ಉಪ್ಪಲ್ಲಿ ಕೊಳೆಹಾಕಿ ತೆಗೆಯುವ ಗಾರಮ್ ರಸಕ್ಕೆ ಪೊಂಪೈ ಹೆಸರುವಾಸಿ. ಬೂದಿ ಬೆರೆತ ಮಣ್ಣಲ್ಲಿ ದ್ರಾಕ್ಷಿ, ಆಲಿವ್. ಕೊಲ್ಲಿಯ ಆ ಕಡೆ ಪೊತ್ಸುವೊಲಿಯಲ್ಲಿ ಸಿಗುವ ಬೂದಿಯಂತೂ ಸುಣ್ಣಕ್ಕೆ ಕಲಸಿದರೆ ನೀರೊಳಗೂ ಗಟ್ಟಿಯಾಗುವ ಗಾರೆ! ಇಂಥ ಜಾಗ ಬಿಟ್ಟು ಹೋಗಿ ಅಂದರೆ ಯಾರು ಹೋಗ್ತಾರೆ?

ಬೆಟ್ಟದ ಗುಟ್ಟು ಯಾರಿಗೂ ಗೊತ್ತಿರಲಿಲ್ಲ ಅಂತಲೂ ಅಲ್ಲ. ಊರನ್ನು ಹೂತುಹಾಕಿದ ಕ್ರಿ.ಶ. 79ರ ಸ್ಫೋಟಕ್ಕೆ ಎಷ್ಟೋ ವರ್ಷ ಮೊದಲೇ ಸ್ಟ್ರಾಬೊ ಎಂಬ ಗ್ರೀಕ್ ಭೂಗೋಳಕಾರ ತುದಿಯ ಸುಟ್ಟ ಕಲ್ಲುಗಳ ಬಗ್ಗೆ ಬರೆದಿದ್ದ. ಇಲ್ಲಿ ಹಿಂದೆ ಬೆಂಕಿ ಇತ್ತು, ಸುತ್ತಲಿನ ನೆಲ ಇಷ್ಟು ಬೆಳೆಯುವುದಕ್ಕೂ ಅದೇ ಕಾರಣ ಇರಬಹುದು ಅಂತ. ಆದರೆ ಊರವರ ಕಣ್ಣಿಗೆ ಅದು ದ್ರಾಕ್ಷಿ ಬೆಟ್ಟ. ಪೊಂಪೈನ ಒಂದು ಮನೆಯಲ್ಲಿ ಸಿಕ್ಕ ಗೋಡೆಚಿತ್ರದಲ್ಲಿ ಬೆಟ್ಟದ ಇಳಿಜಾರಲ್ಲಿ ಬಳ್ಳಿಗಳ ಸಾಲು, ಪಕ್ಕದಲ್ಲಿ ಮೈತುಂಬ ದ್ರಾಕ್ಷಿ ಗೊಂಚಲು ಹೊದ್ದ ಬ್ಯಾಕಸ್, ದ್ರಾಕ್ಷಾರಸದ ದೇವರು.

ಸಂಜೆ ಎರ್ಕೊಲಾನೊಗೆ ಹೋದೆವು. ಪೊಂಪೈ ಜೊತೆಗೇ ಹೂತುಹೋದ ಹಳೇ ಊರು ಹರ್ಕ್ಯುಲೇನಿಯಮ್ ಅಲ್ಲಿ ಹಳ್ಳದಲ್ಲಿದೆ, ಅದರ ಅಂಚಿಗೇ ಇವತ್ತಿನ ಮನೆಗಳು, ಒಣಗಲು ಹಾಕಿದ ಬಟ್ಟೆಗಳು. ಅಲ್ಲೇ ಒಂದು ತರಕಾರಿ ಅಂಗಡಿ. ಚೂಪು ತುದಿಯ ಪುಟ್ಟ ಟೊಮೆಟೊಗಳನ್ನು ಗೊಂಚಲು ಕಟ್ಟಿ ನೇತುಹಾಕಿದ್ದರು. ಬೆಟ್ಟದ ಮಣ್ಣಲ್ಲೇ ಬೆಳೆದದ್ದು, ಚಳಿಗಾಲದವರೆಗೂ ಕೆಡುವುದಿಲ್ಲ. (ಪಾಪ, ರೋಮನ್ನರಿಗೆ ಈ ಭಾಗ್ಯ ಇರಲಿಲ್ಲ. ಟೊಮೆಟೊ ಆಮೇಲೆ ಅಮೆರಿಕದಿಂದ ಬಂದದ್ದು.)

ಅಂಗಡಿಯ ಅಜ್ಜಿಗೆ ಫೋನಲ್ಲಿ ಅನುವಾದ ಮಾಡಿ ತೋರಿಸಿದೆ: "ಬೆಟ್ಟ ನೋಡಿದ್ರೆ ಭಯ ಆಗಲ್ವಾ?"

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಓದಿದರು. ಬೆಟ್ಟದ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡಿ, "ಎಷ್ಟು ಕಿಲೋ?" ಅಂದರು.

ನಾಲ್ಕು ದಿನದಿಂದ ಅದೇ ಕಿವಿಯಲ್ಲಿದೆ. ಎಷ್ಟು ಕಿಲೋ? ವೆಸೂವಿಯಸ್ ಕೊನೆಯ ಸಲ ಉಕ್ಕಿದ್ದು 1944ರಲ್ಲಿ. ಸ್ಫೋಟವಾದರೆ ಖಾಲಿ ಮಾಡಿಸಬೇಕಾದ ಕೆಂಪು ವಲಯದಲ್ಲಿ ಈಗಲೂ 6 ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ. ಅವರಿಗೆಲ್ಲ ನನ್ನಂಥವನು ಬಂದು ಭಯದ ಬಗ್ಗೆ ಹೇಳಿಕೊಡಬೇಕಾ? ಭಾವ ಕೇಳಿದ್ದನ್ನೇ ನಾನೂ ಕೇಳಿದ್ದೆ. ಸ್ವಲ್ಪ ನಯವಾಗಿ, ಅಷ್ಟೇ. ಅವರು ಸತ್ತವರನ್ನು ಅಂದರು, ನಾನು ಬದುಕಿರುವವರ ಮುಖಕ್ಕೇ ಅಂದೆ.

"ಒಂದು" ಅಂತ ಬೆರಳು ತೋರಿಸಿದೆ. ಅಜ್ಜಿ ತೂಗಿ, ಮೇಲೆ ನಾಲ್ಕು ಹಾಕಿಕೊಟ್ಟರು.

ನಿನ್ನೆ ಅದರದ್ದೇ ಸಾರು. ಭಾವ ಮೂರು ಸಲ ಹಾಕಿಸಿಕೊಂಡರು.