ಸಾಸ್ಕಟೂನಿನ ನೀಲಿ ಹಣ್ಣು

ಕೆನಡಾದ ಸಾಸ್ಕಟೂನ್ ನಗರಕ್ಕೆ ಹೆಸರು ಬಂದದ್ದೇ ಒಂದು ಕಾಡುಹಣ್ಣಿನಿಂದ. ಆ ಹಣ್ಣಿಗೆ ಅಲ್ಲಿಯ ಮೂಲನಿವಾಸಿಗಳಾದ ಕ್ರೀ ಜನರು ಕರೆಯುತ್ತಿದ್ದ ಹೆಸರು ಬಿಳಿಯರ ನಾಲಿಗೆಯಲ್ಲಿ ಸವೆದು ಹೀಗಾಯಿತು. ಆದರೆ ಜುಲೈ ಮೊದಲ ವಾರ ತಂಗಿ ನನ್ನನ್ನು ಕರೆದೊಯ್ದದ್ದು ಇನ್ನೊಂದು ಹಣ್ಣಿನ ತೋಟಕ್ಕೆ. ಅದು ಹ್ಯಾಸ್ಕ್ಯಾಪ್.

ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಬಯಲು. ಅದರ ನಡುವೆ ಎದೆಯೆತ್ತರದ ಗಿಡಗಳ ಸಾಲು, ಹಕ್ಕಿಗಳ ಕಾಟಕ್ಕೆ ಮೇಲೆ ಹೊದಿಸಿದ ಬಲೆ. ಎಲೆ ಸರಿಸಿದೆ. ಬೆರಳ ತುದಿಯಷ್ಟು ಉದ್ದದ, ಬೂದಿ ಹಚ್ಚಿದಂಥ ನೀಲಿ ಹಣ್ಣುಗಳು ಗೊಂಚಲಾಗಿ ತೂಗುತ್ತಿದ್ದವು. ಆಸೆ ತಡೆಯದೆ ಒಂದನ್ನು ಬಾಯಿಗೆ ಹಾಕಿಕೊಂಡೆ. ಹುಳಿಗೆ ಕಣ್ಣು ತಾನಾಗಿ ಮುಚ್ಚಿತು.

ತೋಟದೊಡತಿ ಹತ್ತಿರ ಬಂದು ಅದೇ ಗಿಡದ ಇನ್ನೊಂದು ಹಣ್ಣನ್ನು ಉಗುರಿನಿಂದ ಸೀಳಿ ತೋರಿಸಿದರು. ಹೊರಗೆ ನೀಲಿ, ಒಳಗೆ ಇನ್ನೂ ಹಸಿರು. ಸಿಪ್ಪೆ ನೀಲಿಯಾದ ಮೇಲೂ ವಾರಗಟ್ಟಲೆ ಕಾಯಬೇಕು, ತಿರುಳು ಕಡುಗೆಂಪಾಗಬೇಕು ಎಂದರು. ಬಲೆ ಹಾಕುವುದೂ ಅದಕ್ಕಾಗಿಯೇ, ಹಕ್ಕಿಗಳು ಅಷ್ಟು ದಿನ ಕಾಯುವುದಿಲ್ಲವಲ್ಲ. ಮುಂದಿನ ಸಾಲಿನಲ್ಲಿ ಮಾಗಿದ ಹಣ್ಣು ಕೊಟ್ಟರು. ನಾಲಿಗೆಯ ಮೇಲಿಟ್ಟರೆ ಸಿಪ್ಪೆ ಸಮೇತ ಕರಗಿತು. ಬೀಜ ಇದ್ದದ್ದೇ ಗೊತ್ತಾಗಲಿಲ್ಲ. ನೇರಳೆಯ ಬಣ್ಣ, ಮಾಗಿದ ಕವಳಿಹಣ್ಣಿನ ಹುಳಿ, ಕೊನೆಯಲ್ಲಿ ಸಿಹಿ.

ಚಳಿಗಾಲದಲ್ಲಿ ಈ ಬಯಲು ಮೈನಸ್ 40 ಡಿಗ್ರಿಗೆ ಇಳಿಯುವುದುಂಟು. ಈ ಗಿಡ ಮೈನಸ್ 47ನ್ನೂ ತಾಳಿಕೊಳ್ಳುತ್ತದೆ. ನನಗೆ ಅದಕ್ಕಿಂತ ಅಚ್ಚರಿಯೆನಿಸಿದ್ದು ಹೂವಿನ ಗಟ್ಟಿತನ. ಅರಳಿದ ಹೂವು ಮೈನಸ್ 7ರ ಹಿಮ ಬಿದ್ದರೂ ಕಾಯಿ ಕಟ್ಟುತ್ತದೆ. ನಮ್ಮಲ್ಲಿ ಒಂದು ದಿನದ ಇಬ್ಬನಿಗೆ ಮಾವಿನ ಹೂವು ಕಪ್ಪಾದರೆ ರೈತ ಎಷ್ಟು ಮರುಗುತ್ತಾನೆಂದು ಬಲ್ಲವಳು ನಾನು. ಆ ಹೂವಿಗೆ ಮನಸ್ಸಿನಲ್ಲೇ ಕೈಮುಗಿದೆ. ಹೂವುಗಳು ಜೋಡಿಯಾಗಿ ಅರಳುತ್ತವೆ, ಎರಡಕ್ಕೂ ಸೇರಿ ಒಂದೇ ಹಣ್ಣು. ಒಂದೇ ತಳಿ ನೆಟ್ಟರೆ ಫಲ ಸರಿಯಾಗಿ ಬಾರದು. ಅದಕ್ಕೇ ‘ಟಂಡ್ರಾ’ ಸಾಲುಗಳ ನಡುವೆ ‘ಔರೋರಾ’ ಗಿಡಗಳನ್ನು ನೆಟ್ಟಿದ್ದರು.

ಹ್ಯಾಸ್ಕ್ಯಾಪ್ ಎಂಬ ಹೆಸರು ಜಪಾನಿನ ಹೊಕ್ಕೈಡೊ ದ್ವೀಪದ ಐನು ಜನರದು. ರೆಂಬೆಯ ಮೇಲೆ ತುಂಬಿ ಬಿಡುವುದು ಎಂಬರ್ಥ. ಅಲ್ಲಿಯ ಮತ್ತು ರಷ್ಯಾದ ಗಿಡಗಳನ್ನು ಕೂಡಿಸಿ ಸಾಸ್ಕಟೂನಿನ ವಿಶ್ವವಿದ್ಯಾಲಯದಲ್ಲಿ ಬಾಬ್ ಬೋರ್ಸ್ ಹೊಸ ತಳಿಗಳನ್ನು ಬೆಳೆಸಿದರು. ಟಂಡ್ರಾ ಹೊರಬಂದದ್ದು 2007ರಲ್ಲಿ.

ಕೊಯ್ಲಿಗೆ ಕೊಡೆ ಬಂತು! ಅದನ್ನು ಬಿಡಿಸಿ, ತಲೆಕೆಳಗಾಗಿ ಗಿಡದ ಬುಡಕ್ಕಿಟ್ಟು ಕೊಂಬೆ ಅಲುಗಿಸಿದರು. ಮಾಗಿದವು ಪಟಪಟನೆ ಉದುರಿದವು, ಕಾಯಿಗಳು ಗಿಡದಲ್ಲೇ ಉಳಿದವು.

ಸಂಜೆ ತಂಗಿ ಒಂದು ಬೊಗಸೆ ಹಣ್ಣಿಗೆ ಬೆಲ್ಲ, ಉಪ್ಪು, ಒಣಮೆಣಸು ಹಾಕಿ ಗೊಜ್ಜು ಕುದಿಸಿದಳು. ಬಿಸಿ ಅನ್ನ ತಟ್ಟೆಯಲ್ಲಿ ನೇರಳೆಬಣ್ಣಕ್ಕೆ ತಿರುಗಿತು. ಮೂರು ಸಲ ಬಡಿಸಿಕೊಂಡೆ.