ಐದು ರ‍್ಯಾಕೆಟ್, ಒಂದೇ ಬಿಗಿ

ಟೆನಿಸ್ ಟೂರ್ನಿಯಲ್ಲಿ ರ‍್ಯಾಕೆಟ್‌ಗೆ ತಂತಿ ಕಟ್ಟಲು ಕೂತಾಗ ಒಂದು ಮಾತು ತಲೆಯಲ್ಲಿರಲಿ: ವೃತ್ತಿಪರ ಆಟಗಾರ ಕೊಟ್ಟ ಐದೂ ರ‍್ಯಾಕೆಟ್ ಕೈಗೆ ಒಂದೇ ಥರ ಸಿಗಬೇಕು. ಆಟಗಾರ ಬಿಗಿ ಬರೆದುಕೊಟ್ಟ ಚೀಟಿಯಲ್ಲಿ 24/23 ಅಂತಿದ್ದರೆ ಉದ್ದದ ಮೇನ್ ತಂತಿಗೆ 24 ಕಿಲೋ, ಅಡ್ಡದ ಕ್ರಾಸ್‌ಗೆ 23. ಆದರೆ ಯಂತ್ರ ಬದಲಾದರೆ ಆ 24 ಕೂಡ ಬದಲಾಗುತ್ತದೆ. ಕೈಯಲ್ಲಿ ತಿರುಗಿಸುವ ಕ್ರ್ಯಾಂಕ್ ಯಂತ್ರ ಅಂಕಿ ಮುಟ್ಟಿದ ಕೂಡಲೇ ಲಾಕ್ ಆಗುತ್ತದೆ, ಆಮೇಲೆ ತಂತಿ ಹಿಗ್ಗಿದಷ್ಟೂ ಬಿಗಿ ಇಳಿಯುತ್ತದೆ. ಎಲೆಕ್ಟ್ರಾನಿಕ್ ಯಂತ್ರ ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಒಬ್ಬ ಆಟಗಾರನ ರ‍್ಯಾಕೆಟ್‌ಗಳು ಕೊನೇ ದಿನದವರೆಗೂ ಒಬ್ಬರ ಕೈಯಲ್ಲಿ, ಒಂದೇ ಯಂತ್ರದಲ್ಲಿರಲಿ.

ಹಳೇ ತಂತಿ ಕತ್ತರಿಸುವಾಗಲೇ ಫ್ರೇಮ್ ಕೆಡಬಹುದು. ನಡುವಿನಿಂದ ಹೊರಕ್ಕೆ, ಎರಡೂ ಬದಿ ಸಮನಾಗಿ ಕತ್ತರಿಸಿ. ಹೊಸದು ಕಟ್ಟುವಾಗಲೂ ಅಷ್ಟೇ: 16x19 (16 ಮೇನ್, 19 ಕ್ರಾಸ್) ಫ್ರೇಮ್‌ನಲ್ಲಿ ನಡುವಿನಿಂದ ಎಡಕ್ಕೆ 8, ಬಲಕ್ಕೆ 8 ಮೇನ್; ಒಂದು ಬದಿ ಎರಡು ತಂತಿಗಿಂತ ಹೆಚ್ಚು ಮುಂದೆ ಹೋಗಬಾರದು. ಕ್ರಾಸ್ ತಲೆಯಿಂದ ಹಿಡಿಯ ಕಡೆಗೆ ಇಳಿಯಲಿ. ಎಳೆಯುವ ಮೊದಲು ಪ್ರತಿ ಕ್ರಾಸನ್ನೂ ನೆಟ್ಟಗೆ ಮಾಡಿಕೊಳ್ಳಿ, ಬಾಗಿದ್ದರೆ ಘರ್ಷಣೆಯೇ ಬಿಗಿ ತಿಂದುಬಿಡುತ್ತದೆ. ನ್ಯಾಚುರಲ್ ಗಟ್ (ದನದ ಕರುಳಿನ ತಂತಿ) ಆದರೆ ಅವಸರ ಬೇಡವೇ ಬೇಡ. ರಭಸಕ್ಕೆ ಎಳೆದರೆ ಮೇನ್ ತಂತಿಯ ಮೇಲೆ ಸುಟ್ಟ ಗಾಯ ಬೀಳುತ್ತದೆ, ಮರುದಿನ ತುಂಡಾಗುವುದು ಅಲ್ಲೇ.

ಎಳೆದ ತಂತಿಯನ್ನು ಹಿಡಿದಿಡುವ ಕ್ಲಾಂಪ್ ಹಲ್ಲುಗಳಲ್ಲಿ ಮೇಣದಂಥ ಜಿಡ್ಡು ಕೂತರೆ ತಂತಿ ಜಾರುತ್ತದೆ. ಸ್ಪಿರಿಟ್ ಹಾಕಿ ಒರೆಸಿ. ಗಂಟಿನಲ್ಲಿ ಬಿಗಿ ಕಳೆಯುತ್ತದೆಂದು ಕೆಲವರು ಕೊನೇ ತಂತಿಗೆ ಒಂದೆರಡು ಕಿಲೋ ಹೆಚ್ಚು ಎಳೆಯುತ್ತಾರೆ. ಆ ವಾದ ಇದ್ದದ್ದೇ. ಒಂದಕ್ಕೆ ಮಾಡಿದರೆ ಐದಕ್ಕೂ ಮಾಡಿ.

ಪಾಲಿಯೆಸ್ಟರ್ ತಂತಿ ಬ್ಯಾಗಿನಲ್ಲಿ ಸುಮ್ಮನೆ ಬಿದ್ದಿದ್ದರೂ ಸಡಿಲವಾಗುತ್ತದೆ. ಹಾಗಾಗಿ ಪಂದ್ಯದ ದಿನ ಬೆಳಿಗ್ಗೆಯೇ ಕಟ್ಟಿಸಿಕೊಳ್ಳುವವರು ಹೆಚ್ಚು. ಹೊಸ ಚೆಂಡು ಮೊದಲ 7 ಗೇಮ್‌ಗೆ, ಆಮೇಲೆ ಪ್ರತಿ 9 ಗೇಮ್‌ಗೆ ಬರುತ್ತದೆ. ಹಲವರು ಅದರ ಜೊತೆಗೇ ರ‍್ಯಾಕೆಟ್ ಬದಲಿಸುತ್ತಾರೆ. ಬಿಗಿಯಲ್ಲಿ ವ್ಯತ್ಯಾಸವಿದ್ದರೆ ಮೊದಲ ಸರ್ವ್‌ನಲ್ಲೇ ಗೊತ್ತಾಗುತ್ತದೆ.

ಬೆಂಗಳೂರಿನದು ಬೇರೆ ಲೆಕ್ಕ. ಕಬ್ಬನ್ ಪಾರ್ಕಿನ ಕೋರ್ಟ್‌ಗಳು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿವೆ. ತೆಳು ಗಾಳಿಯಲ್ಲಿ ಚೆಂಡು ತುಸು ಉದ್ದ ಹೋಗುತ್ತದೆ. ನಿಯಮದ ಪ್ರಕಾರ ಎತ್ತರದ ಊರಿನ ವಿಶೇಷ ಚೆಂಡು 4,000 ಅಡಿ ಮೇಲಿನ ಜಾಗಗಳಿಗೆ, ಹಾಗಾಗಿ ಇಲ್ಲಿ ಮಾಮೂಲಿ ಚೆಂಡೇ. ಮೊದಲ ಅಭ್ಯಾಸ ಮುಗಿಸಿ ಬಂದವರು ಅರ್ಧ ಕಿಲೋ, ಒಂದು ಕಿಲೋ ಏರಿಸಲು ಹೇಳುತ್ತಾರೆ. ಹೊಸ ಅಂಕಿ ಬರೆದುಕೊಳ್ಳಿ, ಹಳೇ ಚೀಟಿ ಮಾತ್ರ ಹರಿಯಬೇಡಿ. ಮುಂದಿನ ವಾರ ಚೆನ್ನೈನಂಥ ಊರಿಗೆ ಹೋದರೆ ಅವರು ಕೇಳುವುದು ಅದನ್ನೇ.