"ಟಾಕ್ ಹೆಂಗಿದೆ?" ಅಂತ ಆಫೀಸಿಂದ ಕೇಳ್ತಾರೆ. ಟಾಕ್ ಅಂದ್ರೆ ಸಿನಿಮಾ ಬಗ್ಗೆ ಜನ ಏನಂತಿದಾರೆ ಅನ್ನೋದು. ಯಾರ ಟಾಕ್ ಹೇಳೋದು?

ಸಿನಿಮಾ ಡಿಸ್ಟ್ರಿಬ್ಯೂಟರ್ ಕಡೆ ರೆಪ್ ಆಗಿದೀನಿ ಅಂದ್ರೆ ಜನಕ್ಕೆ ಅಷ್ಟಾಗಿ ಅರ್ಥ ಆಗಲ್ಲ, ಹೀರೋಯಿನ್ ಹತ್ರದಿಂದ ನೋಡಿದೀಯಾ ಅಂತ ಕೇಳ್ತಾರೆ. ಕೆಲಸ ಏನಪ್ಪಾ ಅಂದ್ರೆ ಥಿಯೇಟರ್‌ಗೆ ಹೋಗಿ ಕೂತು ಎಷ್ಟು ಟಿಕೆಟ್ ಹರಿದ್ರು ಅಂತ ಲೆಕ್ಕ ನೋಡೋದು, ಶೋ ಮುಗಿದ್ಮೇಲೆ ಡಿಸಿಆರ್ ಅಂತ ಕಲೆಕ್ಷನ್ ಶೀಟಿಗೆ ಮ್ಯಾನೇಜರ್ ಸೈನು ನಮ್ಮ ಸೈನು ಹಾಕಿಸಿ ಫೋಟೋ ಹೊಡೆದು ಬೆಂಗಳೂರಲ್ಲಿ ಸಿನಿಮಾ ಬಿಸಿನೆಸ್ಸಿನ ಅಡ್ಡೆ ಆಗಿರೋ ಗಾಂಧಿನಗರದ ಆಫೀಸಿಗೆ ಕಳಿಸೋದು, ಅಷ್ಟೇ. ನಾನು ನೋಡ್ಕೊಳ್ಳೋದು ಕೋಲಾರದ ಕಡೆ. ಟ್ರೇಡಲ್ಲಿ ನಮ್ಮ ಏರಿಯಾಗೆ ಬಿಕೆಟಿ ಅಂತಾರೆ, ಬೆಂಗಳೂರು ಕೋಲಾರ ತುಮಕೂರು. ಚಿಕ್ಕಬಳ್ಳಾಪುರ 2007ರಲ್ಲೇ ಬೇರೆ ಜಿಲ್ಲೆ ಆಯ್ತು, ಆದ್ರೂ ಗಾಂಧಿನಗರದ ಬಾಯಲ್ಲಿ ಅದಿನ್ನೂ ಕೋಲಾರದ ಲೆಕ್ಕದಲ್ಲೇ ಇದೆ.

ರಿಲೀಸ್ ದಿನ ಮ್ಯಾಟ್ನಿ ಬಿಡೋ ಹೊತ್ತಿಗೆ ಆಫೀಸಿಂದ ಫೋನ್ ಬರುತ್ತೆ. ಕಲೆಕ್ಷನ್ ಎಷ್ಟು ಅನ್ನೋದು ಆಮೇಲೆ, ಮೊದಲು ಕೇಳೋದು "ಟಾಕ್ ಹೆಂಗಿದೆಯಪ್ಪಾ?" ಅಂತ. ನಾವು ಹೇಳೋದ್ರ ಮೇಲೆ ಎರಡನೇ ವಾರ ಇಡ್ಬೇಕಾ, ಚಿಕ್ಕ ಥಿಯೇಟರಿಗೆ ಶಿಫ್ಟ್ ಮಾಡ್ಬೇಕಾ, ಒಂದೇ ಶೋ ಉಳಿಸ್ಬೇಕಾ ಅನ್ನೋದೆಲ್ಲ ತೀರ್ಮಾನ ಆಗುತ್ತೆ. ಹಾಗಾಗಿ ಸಿನಿಮಾ ಬಗ್ಗೆ ಜನ ಹೇಳೋ ಮಾತಲ್ಲಿ ರಾಜಕೀಯ ಎಷ್ಟು ಸಿನಿಮಾ ಎಷ್ಟು ಅಂತ ಬೇರೆ ಮಾಡೋದು ನನಗೆ ಟೀ ಅಂಗಡಿ ಹರಟೆ ಅಲ್ಲ, ಸಂಬಳದ ವಿಷಯ.

ಮೊದಲು ಕಲಿತಿದ್ದು, ಗೇಟ್ ಹತ್ರ ಮೊಬೈಲ್ ಎತ್ತಿ ಬೈಟ್ ತಗೊಳ್ಳೋ ಹುಡುಗರ ಮುಂದೆ ಜನ ಹೇಳೋದನ್ನ ನಂಬಬಾರದು ಅಂತ. ಒಳಗೆ ಸೆಕೆಂಡ್ ಹಾಫಲ್ಲಿ ವಾಟ್ಸಾಪ್ ನೋಡ್ಕೊಂಡು ಕೂತಿದ್ದ ಮನುಷ್ಯ ಹೊರಗೆ ಬಂದು ಮೈಕ್ ಕಂಡ ತಕ್ಷಣ "ಪ್ರತಿಯೊಬ್ಬ ಭಾರತೀಯನೂ ನೋಡ್ಲೇಬೇಕು" ಅಂತಾನೆ. ಅವನು ಸುಳ್ಳು ಹೇಳ್ತಿಲ್ಲ ಪಾಪ, ತಾನು ಯಾವ ಕಡೆ ಅಂತ ಹೇಳ್ತಿದಾನೆ, ಸಿನಿಮಾ ಹೆಂಗಿತ್ತು ಅಂತ ಅವನನ್ನ ಇನ್ನೂ ಯಾರೂ ಕೇಳೇ ಇಲ್ಲ. ಉಲ್ಟಾನೂ ಅಷ್ಟೇ, ಇಂಟರ್ವಲ್ ತನಕ ಶಿಳ್ಳೆ ಹೊಡೆದೋನು ಹೊರಗೆ ಫ್ರೆಂಡ್ಸ್ ಎದುರಿಗೆ "ಏನಿಲ್ಲ ಗುರು, ಪ್ರಾಪಗ್ಯಾಂಡ" ಅಂದಿದ್ದು ಕಿವಿಯಾರೆ ಕೇಳಿದೀನಿ.

ಇನ್ನೊಂದು ಬಲ್ಕ್ ಬುಕಿಂಗ್ ಅಂತ. ಸಿನಿಮಾ ಹೆಸರು ಬೇಡ, ಪಾರ್ಟಿ ಹೆಸರೂ ಬೇಡ, ಯಾಕಂದ್ರೆ ಎಲ್ಲಾ ಕಡೆಯವರೂ ಮಾಡ್ತಾರೆ, ಸ್ಟಾರ್ ಸಂಘದವರು ಮಾಡ್ತಾರೆ, ಜಾತಿ ಸಂಘದವರೂ ಮಾಡ್ತಾರೆ. ಲೋಕಲ್ ಲೀಡರ್ ಒಬ್ಬರು ಇಡೀ ಶೋ ತಗೊಂಡು ಹುಡುಗರಿಗೆ ಫ್ರೀಯಾಗಿ ಹಂಚಿದ್ರು, ಡಿಸಿಆರ್ ಫುಲ್, ಹೌಸ್‌ಫುಲ್ ಬೋರ್ಡ್ ಹಾಕಿಬಿಟ್ರು, ನಾನು ಟಾರ್ಚ್ ಹಿಡ್ಕೊಂಡು ಒಳಗೆ ಹೋದ್ರೆ ಬಾಲ್ಕನಿಲಿ ಸಾಲಿಗೆ ಸಾಲೇ ಖಾಲಿ. ಬಂದಿದ್ದವರೂ ಸ್ಕ್ರೀನ್ ಮುಂದೆ ಬ್ಯಾನರ್ ಹಿಡಿದು ಗ್ರೂಪ್ ಫೋಟೋ ತಗೊಂಡು ಇಂಟರ್ವಲ್ಲಲ್ಲಿ ಬೈಕ್ ಸ್ಟಾರ್ಟ್ ಮಾಡಿದ್ರು. ಆವತ್ತು ಕ್ಯಾಂಟೀನ್ ಅಣ್ಣ ಬೋರ್ಡ್ ನಂಬಿ ಬೇಕರಿಯಿಂದ ಟ್ರೇಗಟ್ಟಲೆ ಪಫ್ಸ್ ತರಿಸಿದ್ದ, ಎಲ್ಲಾ ಹಾಗೇ ಕೂತಿತ್ತು. ಅವನು ತಲೆ ಕೆರ್ಕೊಂಡು ಹೇಳಿದ್ದು ಇಷ್ಟೇ, "ಸಾರ್, ಚಿಕ್ ಮಕ್ಳು ಬಂದಿಲ್ಲ ಅಂದ್ರೆ ಪಿಕ್ಚರ್ ನಡೀತಿಲ್ಲ ಅಂತಾನೇ, ನೀವು ಆ ಶೀಟಲ್ಲಿ ಏನಾದ್ರೂ ಬರ್ಕೊಳ್ಳಿ." ಅಲ್ಲಿಂದ ಈಚೆಗೆ ಡಿಸಿಆರ್ ಜೊತೆಗೆ ಕ್ಯಾಂಟೀನ್ ಗಲ್ಲಾ ಹೆಂಗಿತ್ತು ಅನ್ನೋದನ್ನೂ ಆಫೀಸಿಗೆ ಹೇಳ್ತೀನಿ, ಮೊದಮೊದಲು ನಕ್ರು, ಈಗ ಅವರೇ ಕೇಳ್ತಾರೆ.

ಹಂಗಂತ ರಾಜಕೀಯದ ಸಿನಿಮಾಗೆ ಬರೋ ಜನ ಎಲ್ಲಾ ಫ್ರೀ ಟಿಕೆಟ್ಟಿನೋರು ಅಂದ್ರೆ ಅದೂ ಸುಳ್ಳಾಗುತ್ತೆ. 2022ರ ಮಾರ್ಚಲ್ಲಿ ಕಾಶ್ಮೀರಿ ಪಂಡಿತರ ಮೇಲಿನ ಕಾಶ್ಮೀರ್ ಫೈಲ್ಸ್ ಬಂದಾಗ ನನ್ನನ್ನ ಬೆಂಗಳೂರು ಕಡೆ ಡ್ಯೂಟಿಗೆ ಹಾಕಿದ್ರು. ಸ್ವಂತ ದುಡ್ಡು ಕೊಟ್ಟು, ವಯಸ್ಸಾದ ಗಂಡ ಹೆಂಡ್ತಿ ಕೈ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದ್ರು, ಎಷ್ಟೋ ವರ್ಷ ಥಿಯೇಟರ್ ಕಡೆ ತಲೆ ಹಾಕದೇ ಇರೋರು ಅಂತ ನೋಡಿದ್ರೇ ಗೊತ್ತಾಗ್ತಿತ್ತು, ಟಿಕೆಟ್ಟಲ್ಲಿ ಸೀಟ್ ನಂಬರ್ ಎಲ್ಲಿರುತ್ತೆ ಅಂತ ಕೇಳ್ತಿದ್ರು. ಅದು ಟೀಕೆ ಮಾಡಿದವರಿಗೆ ಕಾಣ್ಲಿಲ್ಲ. ಟ್ಯಾಕ್ಸ್ ಫ್ರೀ ಮಾಡಿದ್ದಕ್ಕೇ ಓಡ್ತು ಅಂದ್ರು ಕೆಲವರು, ಅವರಿಗೆ ಲೆಕ್ಕ ಗೊತ್ತಿಲ್ಲ. ಬೊಮ್ಮಾಯಿ ಅವರ ಸರ್ಕಾರ ಟ್ಯಾಕ್ಸ್ ಫ್ರೀ ಅಂದಿದ್ದು ನಿಜ, ಆದ್ರೆ ಜಿಎಸ್‌ಟಿ ಬಂದ್ಮೇಲೆ ರಾಜ್ಯ ಬಿಡೋಕಾಗೋದು ತನ್ನ ಅರ್ಧ ಪಾಲು ಮಾತ್ರ. ಆಗ ನೂರು ರೂಪಾಯಿ ಮೇಲಿನ ಟಿಕೆಟ್ಟಿಗೆ 18 ಪರ್ಸೆಂಟ್, ಅಂದ್ರೆ ಟ್ಯಾಕ್ಸ್ ಸೇರಿ 150ರ ಟಿಕೆಟಲ್ಲಿ ಟ್ಯಾಕ್ಸು ಸುಮಾರು 23, ರಾಜ್ಯದ ಪಾಲು ಹನ್ನೊಂದು ಚಿಲ್ಲರೆ. ಹನ್ನೊಂದು ರೂಪಾಯಿಗೆ ಯಾರು ಬರ್ತಾರೆ, ಪಾರ್ಕಿಂಗಿಗೇ ಅದಕ್ಕಿಂತ ಜಾಸ್ತಿ ಆಗುತ್ತೆ. ಟ್ಯಾಕ್ಸ್ ಫ್ರೀ ಅನ್ನೋದು ರೇಟ್ ಕಮ್ಮಿ ಮಾಡೋದಕ್ಕಲ್ಲ, ಇದು ನಮ್ಮ ಸಿನಿಮಾ ನೋಡಿ ಅಂತ ಸರ್ಕಾರ ಸೀಲ್ ಹೊಡೆಯೋದಕ್ಕೆ. ಸೀಲ್ ಬಿದ್ಮೇಲೆ ವಿಮರ್ಶೆ ಮಾಡೋರೂ ಆ ಸೀಲಿಗೇ ಉತ್ತರ ಕೊಡೋಕೆ ಕೂತ್ಕೊತಾರೆ. ಅದೇ ವರ್ಷ ನವೆಂಬರಲ್ಲಿ ಗೋವಾ ಫೆಸ್ಟಿವಲ್ಲಲ್ಲಿ ಜ್ಯೂರಿ ಮುಖ್ಯಸ್ಥ, ಇಸ್ರೇಲಿನ ಡೈರೆಕ್ಟರ್ ನಡಾವ್ ಲಪಿಡ್, ಸ್ಟೇಜ್ ಮೇಲೇ ಇದು ಪ್ರಾಪಗ್ಯಾಂಡ ಅಂದ್ಬಿಟ್ರು, ಮುಂದಿನ ವರ್ಷ ಇನ್ನೊಂದು ಜ್ಯೂರಿ ಅದೇ ಸಿನಿಮಾಗೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಕೊಡ್ತು. ನನ್ನ ಕೆಲಸಕ್ಕೆ ಎರಡರಿಂದಲೂ ಏನೂ ಗೊತ್ತಾಗ್ಲಿಲ್ಲ.

ಇದೆಲ್ಲ ಈಗಿಂದು, ಮುಂಚೆ ಹಿಂಗಿರ್ಲಿಲ್ಲ ಅಂತಾರಲ್ಲ, ಅದೂ ಸುಮ್ನೆ. ನಮ್ಮ ಆಫೀಸಿನ ಹಳಬರು ಸಂಸ್ಕಾರ ಸಿನಿಮಾ ಕಥೆ ಹೇಳ್ತಿರ್ತಾರೆ, ಬ್ರಾಹ್ಮಣರು ರೊಚ್ಚಿಗೇಳ್ತಾರೆ ಅಂತ ಮದ್ರಾಸ್ ಸೆನ್ಸಾರ್‌ನೋರು ಬ್ಯಾನ್ ಮಾಡಿದ್ರು, ಆಮೇಲೆ 1970ರ ಸಾಲಿಗೆ ದೇಶದ ಅತ್ಯುತ್ತಮ ಚಿತ್ರ ಅಂತ ಅದಕ್ಕೇ ರಾಷ್ಟ್ರಪತಿ ಚಿನ್ನದ ಪದಕ ಬಂತು.

ಇನ್ನು ಪಾರ್ಟಿ ಮೇಲಿನ ಅಭಿಮಾನ ಸಿನಿಮಾನ ಎಲ್ಲಿ ತನಕ ಎಳೆಯುತ್ತೆ ಅನ್ನೋದಕ್ಕೆ 2019 ಒಂದೇ ವರ್ಷ ಸಾಕು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆ ತೆಲುಗು ಸಿನಿಮಾನೇ ಅನ್ನ, ಆಂಧ್ರದ ರಾಜಕೀಯ ಬಾರ್ಡರಿನ ನಂಗಲಿ ದಾಟ್ಕೊಂಡು ನಮ್ಮ ಕೌಂಟರಿಗೇ ಬರುತ್ತೆ. ಆ ವರ್ಷ ಜನವರಿ ಮತ್ತೆ ಫೆಬ್ರವರಿಲಿ ಎನ್‌ಟಿಆರ್ ಜೀವನದ ಮೇಲೆ ಅವರ ಮಗ ಬಾಲಕೃಷ್ಣ ಮಾಡಿದ ಎರಡು ಭಾಗ ಬಂತು, ಎನ್‌ಟಿಆರ್ ಕಟ್ಟಿದ ತೆಲುಗುದೇಶಂ ಆಗ ಆಂಧ್ರದಲ್ಲಿ ಅಧಿಕಾರದಲ್ಲಿತ್ತು, ಎನ್‌ಟಿಆರ್ ಅಂದ್ರೆ ನಮ್ಮ ಕಡೆ ಮನೇಲಿ ಕೃಷ್ಣನ ಫೋಟೋ ಬದಲು ಅವರ ಫೋಟೋ ಇಟ್ಟಿರೋ ಅಜ್ಜಂದಿರು ಇದಾರೆ. ಎರಡೂ ಮಲಗ್ತು, ಎರಡನೇದು ಇನ್ನೂ ಜೋರಾಗಿ ಮಲಗ್ತು. ಅದರ ಮಧ್ಯ ಬಂದ, ಆಂಧ್ರದ ಮಾಜಿ ಸಿಎಂ ವೈಎಸ್ಆರ್ ಮೇಲಿನ ಯಾತ್ರ ಪರವಾಗಿಲ್ಲ ಅನ್ನೋಹಂಗೆ ನಡೀತು, ಮಮ್ಮೂಟ್ಟಿ ಇದ್ರು ಅದ್ರಲ್ಲಿ, ಜನ ಸಿನಿಮಾ ಥರ ನೋಡಿದ್ರು. ಆಮೇಲೆ ಮೋದಿ ಅವರ ಮೇಲಿನ ಸಿನಿಮಾ, ಚುನಾವಣಾ ಆಯೋಗ ತಡೆದಿದ್ರಿಂದ ರಿಸಲ್ಟ್ ಬಂದ ಮಾರನೇ ದಿನ ಮೇ 24ಕ್ಕೆ ರಿಲೀಸ್ ಆಯ್ತು. ಪಾರ್ಟಿಗೆ 303 ಸೀಟು. ಇದಕ್ಕಿಂತ ಒಳ್ಳೆ ಟೈಮ್ ಯಾವ ಪ್ರೊಡ್ಯೂಸರಿಗೂ ಸಿಗಲ್ಲ, ಓಟು ಹಾಕಿದೋರಲ್ಲಿ ಹತ್ತಕ್ಕೊಬ್ಬ ಟಿಕೆಟ್ ತಗೊಂಡಿದ್ರೂ ತಿಂಗಳುಗಟ್ಟಲೆ ಓಡ್ಬೇಕಿತ್ತು, ಓಡ್ಲಿಲ್ಲ. ಇನ್ನೊಂದು ಕಡೆನೂ ಇದೇ ಕಥೆ. 2020ರ ಜನವರಿಲಿ ದೀಪಿಕಾ ಪಡುಕೋಣೆ ದೆಹಲಿಯ ಜೆಎನ್‌ಯುಗೆ ಹೋಗಿ ಪ್ರತಿಭಟನೆ ಮಾಡ್ತಿದ್ದ ಸ್ಟೂಡೆಂಟ್ಸ್ ಜೊತೆ ನಿಂತಾಗ ಅವಳ ಛಪಾಕ್ ಸಿನಿಮಾ ಟಿಕೆಟ್ ತಗೊಂಡೇ ತಗೋತೀವಿ ಅಂತ ಎಷ್ಟು ಜನ ಬರೆದ್ರು, ಕೌಂಟರ್ ಹತ್ರ ಅವರು ಯಾರೂ ಕಾಣ್ಲಿಲ್ಲ. ಬಾಯ್ಕಾಟ್ ಮಾಡಿದೋರು ನಾವೇ ಮಲಗಿಸಿದ್ವಿ ಅಂತ ಎದೆ ತಟ್ಕೊಂಡ್ರು. ಅವರ ಲೆಕ್ಕಾನೂ ಸರಿ ಇಲ್ಲ, ಅದೇ ಜನ ಅಷ್ಟೇ ಜೋರಾಗಿ ಕೂಗಿದ ಪಠಾಣ್ 2023ರಲ್ಲಿ ಸಾವಿರ ಕೋಟಿ ದಾಟ್ತು, 2022ರಲ್ಲಿ ಬಾಯ್ಕಾಟಿಂದ ಬಿತ್ತು ಅಂದ ಆಮೀರ್ ಖಾನ್ ಲಾಲ್ ಸಿಂಗ್ ಚಡ್ಡಾ ಬಂದ ದಿನವೇ ಬಂದ ಅಕ್ಷಯ್ ಕುಮಾರ್ ರಕ್ಷಾ ಬಂಧನ್ ಕೂಡ ಬಿತ್ತು.

ಇಷ್ಟೆಲ್ಲ ನೋಡಿ ಪಾರ್ಟಿ ರಾಜಕೀಯ ಗೇಟಿನ ತನಕ ಬಂದು ವಾಪಸ್ ಹೋಗುತ್ತೆ ಅಂತ ನಾನು ಅಂದ್ಕೊಂಡಿದೀನಿ. ಸೀಟಿನ ತನಕ ಬಂದು ಪಕ್ಕದಲ್ಲಿ ಕೂರೋ ರಾಜಕೀಯ ಬೇರೆ, ಅದು ಭಾಷೆದು, ಜಾತಿದು, ಊರಿಂದು. ಅದನ್ನ ನೋಡ್ಬೇಕು ಅಂದ್ರೆ ಕೆಜಿಎಫ್‌ಗೆ, ಸಿನಿಮಾ ಅಲ್ಲ, ಕೋಲಾರದ ಚಿನ್ನದ ಗಣಿ ಊರಿಗೆ ಬರ್ಬೇಕು.

2018ರ ಜೂನಲ್ಲಿ ರಜನಿಯ ಕಾಲಾ ಬಂತಲ್ಲ. ಕಾವೇರಿ ಬಗ್ಗೆ ರಜನಿ ಆಡಿದ ಮಾತಿಗೆ ಇಲ್ಲಿ ಬಿಡಬಾರದು ಅಂತ ಫಿಲಂ ಚೇಂಬರ್ ನಿಂತ್ಕೊಳ್ತು, ಹೈಕೋರ್ಟ್ ಥಿಯೇಟರಿಗೆ ಸೆಕ್ಯುರಿಟಿ ಕೊಡಿ ಅಂತು. ಕರ್ನಾಟಕದಲ್ಲಿ ಆ ಸಿನಿಮಾ ಬಗ್ಗೆ ನಡೆದ ಮಾತೆಲ್ಲ ಕಾವೇರಿ ಮೇಲೆ. ಸಿನಿಮಾದೊಳಗೆ ನೋಡಿದ್ರೆ ಕಾವೇರಿ ಎಲ್ಲೂ ಇಲ್ಲ, ಅದು ಮುಂಬೈ ಧಾರಾವಿಯ ಜಾಗದ ಜಗಳ, ನೆಲ ಯಾರದು ಅನ್ನೋ ಕಥೆ, ತಮಿಳು ವಿಮರ್ಶಕರು ಡೈರೆಕ್ಟರ್ ಪಾ. ರಂಜಿತ್ ಅಂಬೇಡ್ಕರ್ ನೀಲಿ ಬಣ್ಣ ಹೆಂಗೆ ತಂದಿದಾರೆ ಅಂತ ಬರೀತಿದ್ರು. ಬಂಗಾರಪೇಟೆಲಿ ರೈಲು ಹತ್ತಿ ತಮಿಳುನಾಡಿನ ಜೋಲಾರಪೇಟೆಲಿ ಇಳಿಯೋದ್ರೊಳಗೆ ಒಂದೇ ಸಿನಿಮಾ ಬೇರೆ ಸಿನಿಮಾ ಆಗಿಬಿಡ್ತಿತ್ತು. ಮಧ್ಯ ಸಿಕ್ಕೊಂಡಿದ್ದು ಕೆಜಿಎಫ್ ಜನ, ಮನೇಲಿ ತಮಿಳು, ಕಾರ್ಡಲ್ಲಿ ಕರ್ನಾಟಕ, ಗೋಡೆ ಮೇಲೆ ಅಂಬೇಡ್ಕರ್. ಅವರನ್ನ ಯಾರೂ ಟಾಕ್ ಕೇಳ್ಲೇ ಇಲ್ಲ.

ಅದೇ ವರ್ಷ ಡಿಸೆಂಬರಲ್ಲಿ ಯಶ್ ಅವರ ಕೆಜಿಎಫ್ ಬಂತು, ಅಲ್ಲೇ ಗಣಿ ಮಣ್ಣಿನ ರಾಶಿ, ಸೈನೈಡ್ ಗುಡ್ಡ ಅಂತಾರೆ, ಅದರ ಮೇಲೆ ಶೂಟ್ ಮಾಡಿದ್ದು. ಥಿಯೇಟರ್ ಕಿತ್ತು ಹೋಗೋಹಂಗೆ ಶಿಳ್ಳೆ. ಚಾಂಪಿಯನ್ ರೀಫ್ ಗಣಿಲಿ ಕೆಲಸ ಮಾಡಿ 2001ರಲ್ಲಿ ಗಣಿ ಮುಚ್ಚಿದಾಗ ಮನೆಗೆ ಬಂದ ತಾತ ಒಬ್ಬರು ಮೊಮ್ಮಗನ ಜೊತೆ ಬಂದಿದ್ರು, ನನ್ನ ಮುಂದಿನ ಸಾಲಲ್ಲಿ. ಮೊಮ್ಮಗ ಸೀಟ್ ಮೇಲೆ ಹತ್ತಿ ಕುಣೀತಿದಾನೆ, ತಾತ ಗಣಿ ಸೀನ್ ಬಂದಾಗಲೆಲ್ಲ ಮುಂದಕ್ಕೆ ಬಗ್ಗಿ ಬಗ್ಗಿ ನೋಡ್ತಿದಾರೆ. ಇಂಟರ್ವಲ್ಲಲ್ಲಿ ಹೆಂಗಿದೆ ತಾತಾ ಅಂದೆ. "ಒಳಗೆ ಇಷ್ಟೊಂದು ಜಾಗ ಇದ್ದಿದ್ರೆ ನಮ್ಮೋರು ಯಾಕಪ್ಪಾ ಸಾಯ್ತಿದ್ರು?" ಅಂದ್ರು. ಮೂರು ಕಿಲೋಮೀಟರಿಗಿಂತ ಆಳ ಇತ್ತು ಆ ಗಣಿ, ಕೆಳಗೆ ಸೆಕೆ, ಬಂಡೆ ತಾನಾಗೇ ಸಿಡೀತಿತ್ತು. ಸಿನಿಮಾದಲ್ಲಿ ಗಣಿ ಜನರನ್ನ ಗುಲಾಮರ ಥರ ತೋರಿಸಿದಾರಲ್ಲ, ಅದಕ್ಕೆ ಆಮೇಲೆ ಇನ್ನೊಂದು ಮಾತು ಹೇಳಿದ್ರು, ನಾವು ಗುಲಾಮರಲ್ಲ, ಯೂನಿಯನ್ನೋರು ಅಂತ. 1930ರಲ್ಲಿ ಕಂಪನಿಯೋರು ಬೆರಳಚ್ಚು ತಗೋತೀವಿ ಅಂದಿದ್ದಕ್ಕೆ ಇಡೀ ಗಣಿಯೇ ಕೆಲಸ ನಿಲ್ಲಿಸಿತ್ತಂತೆ, ಅವರಪ್ಪನ ಕಾಲದ್ದು. ಇದು ನಾನು ಓದಿದ ಯಾವ ಪೇಪರ್ ವಿಮರ್ಶೆಲೂ ಬರ್ಲಿಲ್ಲ. ಇದೂ ರಾಜಕೀಯವೇ ತಾನೇ, ಆದ್ರೆ ಆ ತಾತ ಸಿನಿಮಾನ ನೋಡಿ ಹೇಳಿದ್ದು, ಬೆಳಕು, ಜಾಗ, ಗುದ್ದಲಿ ಹಿಡಿಯೋ ರೀತಿ ಎಲ್ಲ ನೋಡಿ.

ವಿಮರ್ಶೆ ಓದೋವಾಗಲೂ ನಾನು ಹುಡುಕೋದು ಅದನ್ನೇ. ಬರೆದೋರು ಎಡವೋ ಬಲವೋ ನನಗೆ ಬೇಕಿಲ್ಲ, ಎಲ್ಲರಿಗೂ ಒಂದು ಇದ್ದೇ ಇರುತ್ತೆ, ಸಿನಿಮಾನ ಸಿನಿಮಾ ಥರ ನೋಡ್ರಪ್ಪಾ ಅನ್ನೋರಿಗೆ ಎಲ್ಲರಿಗಿಂತ ಜಾಸ್ತಿ ಇರುತ್ತೆ. ಒಂದು ಸೀನ್ ಹೆಂಗೆ ತೆಗೆದಿದಾರೆ ಅಂತ ನನ್ನ ಕಣ್ಣಿಗೆ ಕಟ್ಟೋಹಂಗೆ ಬರೆದಿದಾರಾ ನೋಡ್ತೀನಿ. ಬರೆದಿದ್ರೆ ಅವರು ಬೈದಿದ್ರೂ ನನಗೆ ಉಪಯೋಗ, ಯಾವ ಊರಲ್ಲಿ ಓಡುತ್ತೆ ಯಾವ ಊರಲ್ಲಿ ಓಡಲ್ಲ ಅಂತ ಲೆಕ್ಕ ಹಾಕ್ಬಹುದು. ಸಿನಿಮಾ ಯಾವ ಕಡೆ ಅಂತ ಮಾತ್ರ ಬರೆದು ಸ್ಟಾರ್ ಕೊಟ್ಟಿದ್ರೆ ಟ್ರೇಲರ್ ನೋಡಿದೋರೂ ಅಷ್ಟು ಬರೀಬಹುದು.

2024ರ ಆಗಸ್ಟ್ 15ಕ್ಕೆ ತಂಗಲಾನ್ ಬಂತು, ಮತ್ತೆ ಪಾ. ರಂಜಿತ್, ಮತ್ತೆ ಕೆಜಿಎಫ್ ಕಥೆ, ಈ ಸಲ ಬ್ರಿಟಿಷರ ಕಾಲದಲ್ಲಿ ಚಿನ್ನ ಹುಡುಕೋಕೆ ಬಂದ ದಲಿತರದ್ದು. ವಿಮರ್ಶೆ ಮಿಕ್ಸೆಡ್, ಕಥೆ ಗೋಜಲು ಅಂದ್ರು, ನನಗೂ ಸೆಕೆಂಡ್ ಹಾಫ್ ಗೋಜಲೇ ಅನ್ನಿಸ್ತು. ಆಫೀಸಿಂದ ಫೋನ್ ಬಂತು, ಟಾಕ್ ಹೆಂಗಿದೆ? ಮಾಲೂರಲ್ಲಿ ಇಂಟರ್ವಲ್ ಆದ್ಮೇಲೆ ಜನ ಎದ್ದು ಹೋದ್ರು. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಲಿ ಎದ್ದು ಹೋಗ್ಲಿಲ್ಲ, ಮಾರನೇ ದಿನ ಹೆಂಗಸರು ಮಕ್ಕಳನ್ನ ಕರ್ಕೊಂಡು ಆಟೋಲಿ ಬಂದ್ರು, ಕ್ಯಾಂಟೀನಲ್ಲಿ ಪಫ್ಸ್ ಸಾಯಂಕಾಲಕ್ಕೇ ಖಾಲಿ. ಅರ್ಥ ಆಯ್ತಾಮ್ಮಾ ಅಂತ ಒಬ್ಬರನ್ನ ಕೇಳಿದ್ರೆ "ಎಲ್ಲಾ ಅರ್ಥ ಆಗ್ಲಿಲ್ಲ, ನಮ್ಮೋರ್ದು ಅಂತ ಗೊತ್ತಾಯ್ತು" ಅಂದ್ರು. ಆಫೀಸಿಗೆ ಟಾಕ್ ಆವರೇಜ್ ಅಂದೆ, ಮಾಲೂರಲ್ಲಿ ಫಸ್ಟ್ ಶೋ ತೆಗೀರಿ, ರಾಬರ್ಟ್‌ಸನ್‌ಪೇಟೆಲಿ ಒಂದು ಶೋನೂ ಮುಟ್ಟಬೇಡಿ ಅಂದೆ. ಯಾಕೆ ಅಂದ್ರು, ಬಂದು ನೋಡಿ ಸಾರ್ ಅಂದೆ. ಬರ್ಲಿಲ್ಲ, ಆದ್ರೆ ಶೋ ಮುಟ್ಟಲೂ ಇಲ್ಲ.